ರೆಕಾರ್ಡ್ ರೂಮಿನ ಸೀನು

ಕಾರವಾರದ ಕೋರ್ಟಿನ ರೆಕಾರ್ಡ್ ರೂಮಿನಲ್ಲಿ
ಹನ್ನೊಂದು ವರ್ಷದಿಂದ ಸೀನುತ್ತಿದ್ದೇನೆ.
ಮೊದಮೊದಲು ಒಂಟಿ ಸೀನು. ಅಪಶಕುನವೆಂದು
ಪ್ಯೂನ್ ಸಾಂತು ತಾಂಡೇಲ
ತೆಗೆದ ಫೈಲನ್ನು ಮತ್ತೆ ಕಪಾಟಿಗೇ ಇಡುತ್ತಿದ್ದ.
ಇವತ್ತು ಹದಿನಾಲ್ಕು.
ಜೋಡಿಯಾದರೆ ಶುಭ, ಬಾಯೀ, ಎನ್ನುತ್ತಾನೆ,
ಹಾಗಾದರೆ ಬೆಳಗಿನಿಂದ ಏಳು ಶುಭ ನನಗೆ.

ಮೀನಿಗೆ ಹೋಗುವವರ ಮನೆಯವನು, ಗಾಳಿಯ ಲೆಕ್ಕ ಅವನಿಗೆ ಬಾಯಿಪಾಠ:
ಬೆಳಗಿನದು ಗುಡ್ಡದಿಂದ ಕಡಲಿಗೆ,
ಊಟದ ಹೊತ್ತಿಗೆ ತಿರುಗಿ, ಕಡಲಿಂದ ಗುಡ್ಡಕ್ಕೆ.
ಗುಡ್ಡದಲ್ಲೋ ಅರಣ್ಯ ಇಲಾಖೆಯವರು ನೆಟ್ಟ ಅಕೇಶಿಯಾ,
ಮಳೆ ಬಿಟ್ಟದ್ದೇ ತಡ, ಕೊಂಬೆ ಕೊಂಬೆಗೂ ಹಳದಿ ಬತ್ತಿ.
ಹತ್ತೂವರೆಗೆ ಕೋರ್ಟು ಕೂರುವ ಮೊದಲೇ
ನನ್ನ ಮೂಗಿನಲ್ಲಿ ಹಾಜರಿ ಮುಗಿದಿರುತ್ತದೆ.

ಡಾಕ್ಟರ್ ಪ್ರಮಿಳಾ ಗಾಂವಕರ
ಔಷಧಿ ಚೀಟಿಯ ಬೆನ್ನಿಗೆ ಒಂದು ಗುಂಡು ಬರೆದರು,
ಒಳಗೆಲ್ಲ ಚುಕ್ಕಿ, ಚುಕ್ಕಿ, ಚುಕ್ಕಿ.
ಇದು ಮಾಸ್ಟ್ ಕಣ, ನಿನ್ನ ಮೂಗಿನ ಚರ್ಮದಡಿಯ ಕಾವಲುಗಾರ.
ನನಗೆ ಕಂಡದ್ದು ಬಸುರಿ ಬಂಗುಡೆ:
ಹೊಟ್ಟೆ ಸೀಳಿದರೆ ಒತ್ತೊತ್ತಾಗಿ ಮೊಟ್ಟೆ.

ಮೊದಲ ಸಲ ಆ ಪುಡಿ ಒಳಬಂದಾಗ
ಯಾರೂ ಏನೂ ಅನ್ನಲಿಲ್ಲವಂತೆ.
ಚಹರೆ ಮಾತ್ರ ಬರೆದುಕೊಂಡರು.
ಆ ಚಹರೆಯ ನಕಲುಗಳು, ಐಜಿಇ ಅಂತ ಅವಕ್ಕೆ ಹೆಸರು,
ಕಾವಲುಗಾರನ ಮೈಗೆಲ್ಲ ಅಂಟಿ, ಕಾದು ಕೂತವು.
ಮುಂದಿನ ವರ್ಷ ಅದೇ ಪುಡಿ,
ಅಕ್ಕಪಕ್ಕದ ಎರಡು ನಕಲು ಒಟ್ಟಿಗೇ ಹಿಡಿದವು ಅದನ್ನು,
ಮೊಟ್ಟೆಯ ಚೀಲ ಒಡೆಯಿತು.

ಹಿಸ್ಟಮಿನ್.
ನರದ ತುದಿಗೆ ತಾಗಿದರೆ ತುರಿಕೆ, ತುರಿಕೆಯಿಂದ ಸೀನು.
ರಕ್ತನಾಳಕ್ಕೆ ತಾಗಿದರೆ ಗೋಡೆಯ ಕಲ್ಲು ಸಡಿಲಿ
ನೀರು ಜಿನುಗುತ್ತದೆ; ಗ್ರಂಥಿಗಳೂ ನಲ್ಲಿ ಬಿಡುತ್ತವೆ.
ಇಷ್ಟೂ ಕೆಲವೇ ನಿಮಿಷದ ಕೆಲಸ.
ಲ್ಯೂಕೋಟ್ರೈನ್, ಪ್ರೊಸ್ಟಾಗ್ಲಾಂಡಿನ್
ತಡವಾಗಿ ಬರುವ ವಕೀಲರು.
ಬಂದ ಮೇಲೆ ಮಾತ್ರ ಎದ್ದು ಹೋಗುವವರಲ್ಲ.
ಮೂಗು ಊದಿ, ಕಟ್ಟಿ, ರಾತ್ರಿಯ ಹೊತ್ತಿಗೆ
ಇನ್ನಷ್ಟು ಕಣಗಳನ್ನು ಸಾಕ್ಷಿಗೆ ಕರೆಸಿ
ನನ್ನನ್ನು ಬಾಯಿಂದ ಉಸಿರಾಡಿಸುತ್ತಾರೆ.

ಅಷ್ಟಕ್ಕೂ ಆ ಪುಡಿಯಲ್ಲಿ ವಿಷವೇನಿದೆ, ಕೇಳಿದೆ.
ಏನೂ ಇಲ್ಲ, ಅಂದರು ಪ್ರಮಿಳಾ. ಇಷ್ಟು ಹಗುರಾಗಿ!
ಮರ ಮರವನ್ನು ಹುಡುಕುತ್ತ ಹೊರಟಿತ್ತು,
ದಾರಿಯಲ್ಲಿ ನೀನಿದ್ದೆ.

ಗುಳಿಗೆ ಕೊಟ್ಟಿದ್ದಾರೆ. ಅದು ಹಿಸ್ಟಮಿನ್ನನ್ನು ಕೊಲ್ಲುವುದಿಲ್ಲ,
ಅಂಕೋಲೆ ಬಸ್ಸಿನ ಕಿಟಕಿಯಿಂದ ಕರವಸ್ತ್ರ ಎಸೆದು
ಸೀಟು ಹಿಡಿಯುತ್ತಾರಲ್ಲ, ಹಾಗೆ
ಅದು ಕೂರಬೇಕಾದಲ್ಲಿ ತಾನು ಮೊದಲೇ ಹೋಗಿ ಕೂರುತ್ತದೆ.
ಸೀಟಿಲ್ಲದ ಹಿಸ್ಟಮಿನ್ ನಿಂತೇ ಪ್ರಯಾಣ.
ಕಟ್ಟಿದ ಮೂಗಿಗೆ ಇದರಿಂದ ಅಷ್ಟೇನೂ ಆಗದು.
ನಿದ್ದೆ ಮಾತ್ರ ಧಾರಾಳ.

ಆ ತೂಕಡಿಕೆಯಲ್ಲೇ ಇವತ್ತು ಕೈಗೆ ಸಿಕ್ಕಿದ್ದು
ಅರವತ್ಮೂರರ ಕಟ್ಟು. ಆರೋಪಿ: ಬುದವಂತ ಪಡತಿ.
ಬಲೆ ಕದ್ದ ಆರೋಪ.
ಅವನ ಮನೆಯ ಬಾಗಿಲು ಒಡೆದರು, ದೋಣಿ ಜಪ್ತಿ ಮಾಡಿದರು,
ದಡದ ಮೇಲೆ ಎರಡು ಮಳೆಗಾಲ ನಿಂತು ಅದರ ಹಲಗೆ ಬಿರಿಯಿತು.
ಬಲೆ ಆಮೇಲೆ ಸಿಕ್ಕಿತು, ದೇವಗಡದ ಬಂಡೆಗೆ ಸಿಕ್ಕಿಕೊಂಡಿತ್ತು.
ಕಡಲೇ ಒಯ್ದದ್ದು.
ಕೊನೆಯ ಹಾಳೆ: ನಿರ್ದೋಷಿ. ಕಡತ ಮುಕ್ತಾಯ.
ದೋಣಿಯ ಬಗ್ಗೆ ಒಂದಕ್ಷರವಿಲ್ಲ.

ಮೂಗಿನ ತುದಿಯಿಂದ ಒಂದು ಹನಿ
ತಡೆಯುವಷ್ಟರಲ್ಲಿ ಬಿತ್ತು, ಸರಿಯಾಗಿ ಆ ಸಹಿಯ ಮೇಲೆ.
ನೀಲಿ ಶಾಯಿ ಅರಳಿತು.
ಅರವತ್ತು ವರ್ಷ ಒಣಗಿದ್ದು, ಇಷ್ಟು ಬೇಗ!
ಸೆರಗಿನಿಂದ ಒತ್ತಿದೆ. ಸಾಂತು ನೋಡಿಯೂ ನೋಡದವನ ಹಾಗೆ
ಪಡುವಣ ಕಿಟಕಿ ತೆಗೆದ.

ಗಾಳಿ ತಿರುಗಿತು, ಬಾಯೀ.

ಉಪ್ಪಿನ ವಾಸನೆ. ಹೌದು, ತಿರುಗಿದೆ.
ಹೇಳಬೇಕು ನನ್ನ ಕಾವಲುಗಾರನಿಗೆ, ಯಾರಾದರೂ,
ಕೇಸು ಮುಗಿದಿದೆ, ಹಳದಿ ಪುಡಿ ನಿರ್ದೋಷಿ ಎಂದು.
ಅವನು ಓದು ಬಾರದವನು, ಚಹರೆಯನ್ನಷ್ಟೇ ಬಲ್ಲ,
ಹಿಡಿದದ್ದನ್ನು ಬಿಡಲು ಅವನಿಗೆ ಯಾರೂ ಕಲಿಸಿಲ್ಲ.

ಹದಿನೈದನೆಯದು ಬಂತು.
ಸಾಹೇಬರು ಕೇಳಿದ ಫೈಲು ಹಿಡಿದು
ಬಾಗಿಲಲ್ಲೇ ನಿಂತಿದ್ದಾನೆ ಸಾಂತು,
ಅದರ ಜೋಡಿಗೆ ಕಾಯುತ್ತ.